ಎರಡು ದೇಶಗಳ ನಡುವಣ ಒಂದು ಅಡವಿ

ಕಾಳಿದಾಸ ಮಹಾಕವಿಯು ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುಮಹಾರಾಜನ ದಿಗ್ವಿಜಯವನ್ನು ವರ್ಣಿಸುತ್ತ, ದೋಣಿಗಳ ಬಲದಿಂದ ತನ್ನನ್ನು ಇದಿರಿಸಿದ ವಂಗರನ್ನು ಆತನು ಸೋಲಿಸಿ ಗಂಗೆಯ ಕವಲುಗಳ ನಡುವಣ ನೆಲದಲ್ಲಿ ಜಯಸ್ತಂಭಗಳನ್ನು ನೆಟ್ಟನೆಂದು ಹೇಳಿರುವನು. ಪಾಠ ಹೇಳುವವರೂ ಕೇಳುವವರೂ ಈ ಶ್ಲೋಕವನ್ನು ಸಲೀಸಾಗಿ ದಾಟಿಬಿಡುವುದುಂಟು. ಆದರೆ ಆ ನೆಲದ ಸ್ವಭಾವವನ್ನು ಬಲ್ಲವರಿಗೆ ಒಂದು ಸಂಶಯವು ಹುಟ್ಟದೆ ಇರದು. ದಿನಕ್ಕೆರಡಾವರ್ತಿ ಸಮುದ್ರವು ಏರಿ ಇಳಿಯುವ, ನದಿಯು ಒಂದು ದಂಡೆಯನ್ನು ಕೊರೆದು ಇನ್ನೊಂದು ದಂಡೆಗೆ ಒಟ್ಟುತ್ತಿರುವ ಆ ಕೆಸರು ನಾಡಿನಲ್ಲಿ ನೆಟ್ಟ ಕಂಬವು ಎಷ್ಟು ಕಾಲ ನಿಂತೀತು?

ಕ್ರಿ. ಶ. ೧೯೪೭ರಲ್ಲಿ ಅದೇ ಸೀಮೆಯಲ್ಲಿ ಮತ್ತೊಂದು ಬಗೆಯ ಕಂಬಗಳು ನಾಟಲ್ಪಟ್ಟುವು. ಅದುವರೆಗೆ ಹಿಂದೂದೇಶವನ್ನು ಕಣ್ಣಿಂದ ಕಾಣದಿದ್ದ ಸರ್ ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಆಂಗ್ಲ ನ್ಯಾಯವಾದಿಯು ಜುಲೈ ತಿಂಗಳಲ್ಲಿ ಬಂದಿಳಿದು, ಸುಮಾರು ಐದು ವಾರಗಳಲ್ಲಿ ಬಂಗಾಳವನ್ನೂ ಪಂಜಾಬವನ್ನೂ ಗೆರೆಯೆಳೆದು ಸೀಳಬೇಕಾಯಿತು. ತೀರ್ಪು ಪ್ರಕಟವಾದದ್ದು ಸ್ವಾತಂತ್ರ್ಯೋತ್ಸವವು ಮುಗಿದ ಮೇಲೆ, ಆಗಸ್ಟ್ ೧೭ರಂದು. ಖುಲ್ನಾ ಜಿಲ್ಲೆಯ ಜನರು ಎರಡು ದಿನಗಳ ಹಿಂದೆ ಭಾರತದ ಧ್ವಜವನ್ನೇರಿಸಿದ್ದರು. ಎಚ್ಚತ್ತು ನೋಡುವಲ್ಲಿ ತಾವು ಪಾಕಿಸ್ತಾನದ ಪ್ರಜೆಗಳೆಂದು ತಿಳಿದುಬಂದಿತು. ಆ ಗೆರೆಯು ದಕ್ಷಿಣಕ್ಕೆ ಇಳಿದಿಳಿದು ಇಚ್ಛಾಮತೀ, ಕಾಲಿಂದೀ, ರಾಯ್‌ಮಂಗಲ, ಹರಿಯಾಭಾಂಗಾ ಎಂಬ ಹೊಳೆಗಳ ನಡುನೀರಿನಲ್ಲಿ ಸಮುದ್ರವನ್ನು ಸೇರುವುದು. ಹೀಗೆ ಸೇರುವಾಗ ಅದು ಒಂದು ಮಹಾರಣ್ಯವನ್ನು ಎರಡು ಹೋಳಾಗಿ ಮಾಡಿತು. ೧೯೭೧ರಿಂದ ಈಚೆಗೆ ಪೂರ್ವದ ಹೋಳು ಬಾಂಗ್ಲಾದೇಶಕ್ಕೆ ಸೇರಿರುವುದು.

ವಾಚಕರು ಮನೆಯಲ್ಲಿ ಮಕ್ಕಳ ಭೂಪಟವೇನಾದರೂ ಇದ್ದರೆ ಮುಂದಿಟ್ಟುಕೊಳ್ಳಲಿ. ಕಲಕತ್ತೆಯ ಕೆಳಗೆ, ಬಂಗಾಳ ಕೊಲ್ಲಿಯ ಅಂಚಿನಲ್ಲಿ, ಹರಿದ ಬಟ್ಟೆಯ ಸೆರಗಿನಂತೆ ಎಳೆಯೆಳೆಯಾಗಿ ಕಾಣುವ ಭಾಗವೇ ಸುಂದರವನ. ಅದರ ವಿಸ್ತಾರವು ಸ್ಥೂಲವಾಗಿ ಹತ್ತು ಸಾವಿರ ಚದರ ಕಿಲೋಮೀಟರು. ಅದರಲ್ಲಿ ಆರು ಸಾವಿರದಷ್ಟು ಬಾಂಗ್ಲಾದೇಶಕ್ಕೂ, ಉಳಿದ ನಾಲ್ಕು ಸಾವಿರದಷ್ಟು ನಮ್ಮ ದೇಶಕ್ಕೂ ಸೇರಿದೆ. ನಾನು ಬಹುಕಾಲ ಹುಡುಗರಿಗೆ ನಕ್ಷೆ ಬರೆಯಿಸಿದವನು. ಒಂದು ದೇಶಕ್ಕೆ ಹಸುರು, ಇನ್ನೊಂದಕ್ಕೆ ಹಳದಿ ಎಂದು ಬಣ್ಣ ತುಂಬಿಸುವುದೇ ಪದ್ಧತಿ. ಈ ಅಡವಿಗೆ ಮಾತ್ರ ಆ ಪದ್ಧತಿಯು ಸಲ್ಲದು.

ಇಲ್ಲಿಯ ಮರಗಳು ಉಪ್ಪುನೀರನ್ನು ಸಹಿಸತಕ್ಕವು. ನಮ್ಮ ಕುಂದಾಪುರ, ಹೊನ್ನಾವರದ ಕಡೆಯ ಅಳಿವೆಗಳಲ್ಲಿ ಕಾಂಡ್ಲ ಎಂದು ಕರೆಯುವ ಗಿಡಗಳ ಬಳಗವೇ ಇದು. ಕೆಸರಿನಲ್ಲಿ ಗಾಳಿಯಾಡುವುದಿಲ್ಲವಾದುದರಿಂದ ಬೇರುಗಳು ಕೆಳಕ್ಕೆ ಹೋಗುವುದನ್ನು ಬಿಟ್ಟು ಮೇಲಕ್ಕೆ ಚಾಚಿ ಈಟಿಯ ಮೊನೆಗಳಂತೆ ನಿಂತು ಉಸಿರಾಡುವುವು. ಇವುಗಳಲ್ಲಿ ಮುಖ್ಯವಾದುದು ಸುಂದರಿ ಎಂಬ ಮರ; ಅದರಿಂದಲೇ ವನಕ್ಕೆ ಈ ಹೆಸರು ಬಂದಿತೆಂದು ಬಹುಮಂದಿಯ ಅಭಿಪ್ರಾಯ. ಪಾಲವಂಶದ ಧರ್ಮಪಾಲನ ತಾಮ್ರಶಾಸನದಲ್ಲಿ ವ್ಯಾಘ್ರತಟೀ ಮಂಡಲವೆಂಬ ಒಂದು ಸೀಮೆಯ ಹೆಸರುಂಟು. ಅದು ದಕ್ಷಿಣ ಬಂಗಾಳದ ತೀರವೇ ಆಗಿರಬೇಕೆಂದು ಊಹಿಸುವ ಪಂಡಿತರಿದ್ದಾರೆ. ಊಹೆಯು ನಿಜವಾದಲ್ಲಿ ಹುಲಿಯ ದಂಡೆ ಎಂಬ ಆ ಹೆಸರು ಸಾವಿರದ ಇನ್ನೂರು ವರ್ಷಗಳ ಅನಂತರವೂ ಸುಳ್ಳಾಗಿಲ್ಲ.

ಈಗ ‘ಬಯೋಸ್ಫಿಯರ್ ರಿಸರ್ವ್’ ಎಂಬ ಮಾತಿನ ಅರ್ಥವನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ಇದನ್ನು ಜೀವಗೋಳ ಮೀಸಲು ಎನ್ನುವರು. ಸಂಯುಕ್ತ ರಾಷ್ಟ್ರಗಳ ವಿದ್ಯಾ ಸಂಸ್ಥೆಯಾದ ಯುನೆಸ್ಕೋ ೧೯೭೧ರಲ್ಲಿ ‘ಮನುಷ್ಯ ಮತ್ತು ಜೀವಗೋಳ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ೧೯೭೬ರಲ್ಲಿ ಮೊದಲ ಮೀಸಲುಗಳು ಗೊತ್ತಾದುವು. ಈಗ ಅವು ಏಳುನೂರನ್ನು ಮೀರಿರುವುವು. ಬೇಲಿ ಹಾಕಿ ಮನುಷ್ಯನನ್ನು ಹೊರಕ್ಕಟ್ಟುವ ಕಾಡಿಗೂ ಇದಕ್ಕೂ ಭೇದವುಂಟು. ಇಲ್ಲಿ ಮೂರು ಆವರಣಗಳಿರುವುವು. ನಡುವೆ ಗರ್ಭಗುಡಿಯಂತಿರುವ ತಿರುಳಿನಲ್ಲಿ ಯಾರೂ ಕೈಯಾಡಿಸಕೂಡದು. ಅದರ ಸುತ್ತ ಮಿತವಾದ ಉಪಯೋಗಕ್ಕೆ ಒಂದು ಪ್ರಾಕಾರ. ಅದರಾಚೆಗೆ ಊರು, ಹೊಲ, ಸಂತೆ, ಶಾಲೆ ಎಲ್ಲವೂ ಇರುವ ಹೊರವಲಯ. ಮನುಷ್ಯನ ಬಾಳೂ ಮೀಸಲಿನ ಒಂದು ಅಂಗವೆಂದು ಒಪ್ಪಿರುವುದೇ ಇದರ ವಿಶೇಷ.

ಹಾಗೆ ಒಪ್ಪದೆ ಗತ್ಯಂತರವೂ ಇಲ್ಲ. ೧೯೮೯ರಲ್ಲಿ ಭಾರತ ಸರ್ಕಾರವು ಸುಂದರವನವನ್ನು ಜೀವಗೋಳ ಮೀಸಲೆಂದು ಸಾರಿದಾಗ ಅದರೊಳಗೆ ಅಡವಿಯಷ್ಟೇ ಅಲ್ಲದೆ ಜನವಸತಿಯ ದ್ವೀಪಗಳೂ ಸೇರಿದುವು. ಒಟ್ಟು ೯,೬೩೦ ಚದರ ಕಿಲೋಮೀಟರು. ನಮ್ಮ ಭಾಗದ ೧೦೨ ದ್ವೀಪಗಳಲ್ಲಿ ೫೪ರಲ್ಲಿ ಜನರು ನೆಲಸಿದ್ದಾರೆ. ಒಟ್ಟು ಜನಸಂಖ್ಯೆ ನಲವತ್ತು ಲಕ್ಷವನ್ನು ಮೀರಿರುವುದು. ೨೦೦೧ರಲ್ಲಿ ಯುನೆಸ್ಕೋ ಇದನ್ನು ತನ್ನ ಜೀವಗೋಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಪೂರ್ವದ ಹೋಳು ಬೇರೆ ದಾರಿಯನ್ನು ಹಿಡಿಯಿತು. ಅದರ ಮೂರು ಅಭಯಾರಣ್ಯಗಳು ೧೯೯೭ರಲ್ಲಿ ವಿಶ್ವಪರಂಪರೆಯ ಸ್ಥಾನವೆಂಬ ಗೌರವವನ್ನು ಪಡೆದುವು. ಎರಡೂ ಕೂಡಿ ಒಂದು ಮೀಸಲು ಎಂಬುದು ಇನ್ನೂ ಆಗಿಲ್ಲ. ಒಂದೇ ದೇವಾಲಯದ ಪಶ್ಚಿಮದ ಗೋಪುರಕ್ಕೆ ಒಂದು ಹೆಸರು, ಪೂರ್ವದ ಗೋಪುರಕ್ಕೆ ಒಂದು ಹೆಸರು ಇದ್ದಂತೆ!

ಸರ್ಕಾರಗಳು ಎಳೆದ ವಲಯಗಳಿಗಿಂತಲೂ ಹಳೆಯದಾದ ಒಂದು ಮೇರೆಯನ್ನು ಆ ಜನರು ತಾವೇ ಮಾಡಿಕೊಂಡಿರುವರು. ಆ ಅಡವಿಯ ದೇವತೆ ಬನಬೀಬಿ. ಅವಳ ತಂದೆಯಾದ ಇಬ್ರಾಹೀಮನು ಮಕ್ಕಾ ನಗರದವನಂತೆ. ಹುಟ್ಟಿದ್ದು ಮಾತ್ರ ಅಡವಿಯಲ್ಲಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ಅವಳಿಗೆ ನಡೆದುಕೊಳ್ಳುವರು. ಗಡಿಯ ಎರಡು ಕಡೆಗಳಲ್ಲಿಯೂ ಅವಳ ಗುಡಿಸಿಲುಗುಡಿಗಳುಂಟು. ಮನೆಯ ಮಕ್ಕಳಿಗೆ ಹೇಳಬಹುದಾದ ಅವಳ ಕಥೆಯೊಂದಿದೆ. ದುಃಖೇ ಎಂಬ ಬಡ ವಿಧವೆಯ ಮಗನನ್ನು ಧೋನಾ ಎಂಬ ಬಂಧುವೊಬ್ಬನು ಜೇನು ತರಲೆಂದು ದೋಣಿಯಲ್ಲಿ ಕರೆದೊಯ್ಯುವನು. ಹೊರಡುವಾಗ ತಾಯಿಯು, ಕಷ್ಟ ಬಂದರೆ ಬನಬೀಬಿಯನ್ನು ನೆನೆ ಎಂದಿದ್ದಳು. ಅಡವಿಯಲ್ಲಿ ಹುಲಿಯ ರೂಪದ ದಕ್ಷಿಣರಾಯನು ಕಾಣಿಸಿಕೊಂಡು, ಹುಡುಗನನ್ನು ಒಪ್ಪಿಸಿದರೆ ಏಳು ದೋಣಿ ತುಂಬ ಜೇನನ್ನೂ ಮೇಣವನ್ನೂ ಕೊಡುವೆನೆನ್ನುವನು. ಧೋನಾ ಒಪ್ಪಿ, ಹುಡುಗನನ್ನು ದಂಡೆಯಲ್ಲಿ ಬಿಟ್ಟು ದೋಣಿಯನ್ನು ನೂಕುವನು. ಹುಲಿಯು ಎರಗುವ ಹೊತ್ತಿಗೆ ದುಃಖೇ ತಾಯಿಯ ಮಾತನ್ನು ನೆನೆಯಲು ಬನಬೀಬಿಯು ಬಂದು ಕಾಯುವಳು. ದಕ್ಷಿಣರಾಯನನ್ನು ಅವಳು ಕೊಲ್ಲಿಸುವುದಿಲ್ಲ. ಅಡವಿಯ ಒಳಭಾಗವು ಅವನಿಗಿರಲಿ, ಹೊಟ್ಟೆಯ ಪಾಡಿಗೆ ದುರಾಸೆಯಿಲ್ಲದೆ ಬಂದವನನ್ನು ಅವನು ಮುಟ್ಟದಿರಲಿ ಎಂದು ಕಟ್ಟು ಮಾಡುವಳು. ತಿರುಳು, ಪ್ರಾಕಾರ, ಹೊರವಲಯ ಎಂಬ ಯುನೆಸ್ಕೋ ಪಂಡಿತರ ಮಾತಿಗೂ ಈ ಕಥೆಗೂ ಎಷ್ಟು ಸಾಮ್ಯವಿದೆ! ಇಂದಿಗೂ ಜೇನುಗಾರನು ಅವಳಿಗೆ ಕೈಮುಗಿಯದೆ ಅಡವಿಯ ಕೆಸರಿನಲ್ಲಿ ಕಾಲಿಡನು.

ಹುಲಿಯ ವಿಚಾರಕ್ಕೆ ಬರೋಣ. ೨೦೨೦ನೆಯ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಅರಣ್ಯಾಧಿಕಾರಿಗಳು ಬಸೀರ್‌ಹಾಟ್ ವಲಯದಲ್ಲಿ ಒಂದು ಗಂಡು ಹುಲಿಯನ್ನು ಹಿಡಿದು ಅದರ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ ಬಿಟ್ಟರು. ಅದು ಕೆಲವು ದಿನ ನಮ್ಮ ಕಡೆಯಲ್ಲೇ ಅಲೆದು, ಆಮೇಲೆ ಪೂರ್ವಕ್ಕೆ ತಿರುಗಿತು. ಸುಮಾರು ನಾಲ್ಕು ತಿಂಗಳಲ್ಲಿ ನೂರು ಕಿಲೋಮೀಟರಿನಷ್ಟು ದೂರ ನಡೆದು, ಈಜಿ, ಒಂದು ಕಿಲೋಮೀಟರಿಗಿಂತ ಅಗಲವಾದ ಹೊಳೆಗಳನ್ನೂ ದಾಟಿ ಬಾಂಗ್ಲಾದೇಶದ ತಾಲಪಟ್ಟಿ ದ್ವೀಪವನ್ನು ಮುಟ್ಟಿತು. ಅದನ್ನು ಯಾರೂ ರಹದಾರಿ ಕೇಳಲಿಲ್ಲ. ಇಂಥ ಪ್ರಾಣಿಯನ್ನು ಎರಡು ದೇಶಗಳವರು ಬೇರೆಬೇರೆ ಲೆಕ್ಕದಲ್ಲಿ ಎಣಿಸಿದರೆ ಆಗುವುದೇನು? ಹಿಂದೆ ಹೆಜ್ಜೆಗುರುತುಗಳನ್ನು ನೋಡಿ ಎಣಿಸುತ್ತಿದ್ದರು; ೨೦೦೪ರಲ್ಲಿ ಆ ಕ್ರಮದಿಂದ ಬಾಂಗ್ಲಾದೇಶದ ಹುಲಿಗಳು ೪೪೦ ಎಂದಾಯಿತು. ಮರಗಳಿಗೆ ಛಾಯಾಯಂತ್ರಗಳನ್ನು ಕಟ್ಟಿ, ಒಂದೊಂದು ಹುಲಿಯ ಪಟ್ಟೆಗಳನ್ನೂ ಬೆರಳಚ್ಚಿನಂತೆ ಗುರುತಿಸುವ ಹೊಸ ಕ್ರಮದಿಂದ ೨೦೧೫ರಲ್ಲಿ ಬಂದ ಲೆಕ್ಕವು ೧೦೬. ಅಷ್ಟೊಂದು ಹುಲಿಗಳು ನಡುವೆ ಸತ್ತುವೆಂದು ತಿಳಿಯಬೇಕಾಗಿಲ್ಲ. ಹಳೆಯ ಎಣಿಕೆಯೇ ಕೆಸರಿನ ಮೇಲೆ ನಿಂತದ್ದಾಗಿತ್ತು. ಎರಡು ದೇಶಗಳ ಅರಣ್ಯಶಾಖೆಗಳೂ ಈಗ ಒಂದೇ ಕ್ರಮವನ್ನು ಅನುಸರಿಸುತ್ತಿರುವುದರಿಂದ ಪಟಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಸಾಧ್ಯವಾಗಿದೆ. ನಮ್ಮ ಕಡೆಯ ೨೦೨೨ರ ಗಣನೆಯಲ್ಲಿ ನೂರರಷ್ಟು, ಅವರ ಕಡೆಯ ೨೦೨೪ರ ಗಣನೆಯಲ್ಲಿ ೧೨೫. ಎರಡೂ ದೇಶಗಳಲ್ಲಿ ಸಂಖ್ಯೆಯು ಮೆಲ್ಲಮೆಲ್ಲನೆ ಏರುತ್ತಿರುವುದು.

ಈ ಏರಿಕೆಯನ್ನು ಕಂಡು ಎಲ್ಲವೂ ನೆಟ್ಟಗಿದೆಯೆಂದು ಭಾವಿಸುವಂತಿಲ್ಲ. ಅಡವಿಯ ಪ್ರಾಣವು ಸಿಹಿನೀರಿನಲ್ಲಿದೆ. ಉಪ್ಪನ್ನು ಸಹಿಸುವ ಸುಂದರಿಗೂ ಒಂದು ಮಿತಿಯುಂಟು. ಮಳೆಗಾಲ ಮುಗಿದ ಮೇಲೆ ಗಂಗೆಯಿಂದ ಸಿಹಿನೀರು ಇಳಿದುಬರಬೇಕು. ಬಾಂಗ್ಲಾದೇಶದಲ್ಲಿ ಅದನ್ನು ಅಡವಿಗೆ ತರುವ ಮುಖ್ಯವಾದ ಕಾಲುವೆಯೆಂದರೆ ಗೋರಾಯ್ ನದಿ. ೧೯೭೫ರಲ್ಲಿ ಫರಕ್ಕಾದಲ್ಲಿ ನಮ್ಮವರು ಕಟ್ಟಿದ ಅಡ್ಡಕಟ್ಟೆಯು, ಕಲಕತ್ತೆಯ ಬಂದರಿನ ಹೂಳನ್ನು ತೊಳೆಯಲೆಂದು ನೀರನ್ನು ಹೂಗ್ಲಿಯ ಕಡೆಗೆ ತಿರುಗಿಸಿತು. ಆಮೇಲೆ ಬೇಸಗೆಯಲ್ಲಿ ಗೋರಾಯ್ ಬಡವಾಯಿತು. ಉಪ್ಪು ಒಳಕ್ಕೆ ಏರಿತು. ಸುಂದರಿಯ ಮರಗಳು ತುದಿಯಿಂದ ಕೆಳಕ್ಕೆ ಒಣಗುವ ರೋಗವೊಂದನ್ನು ಅಲ್ಲಿಯ ಅರಣ್ಯಶಾಸ್ತ್ರಜ್ಞರು ಬಹುಕಾಲದಿಂದ ಗಮನಿಸುತ್ತಿರುವರು. ಅದಕ್ಕೆ ಕಾರಣಗಳು ಹಲವಿದ್ದರೂ ಉಪ್ಪು ಅವುಗಳಲ್ಲಿ ಮುಖ್ಯವೆಂದು ಅನೇಕರ ಮತ.

ಈ ನೀರಿನ ವ್ಯಾಜ್ಯದಲ್ಲಿ ಕನ್ನಡಿಗರೊಬ್ಬರ ಕೈಯಿಂದ ಒಂದು ಮುಖ್ಯವಾದ ಸಹಿ ಬಿದ್ದಿರುವುದು. ೧೯೯೬ನೆಯ ಡಿಸೆಂಬರ್ ೧೨ರಂದು ದಿಲ್ಲಿಯಲ್ಲಿ ಆಗಿನ ಪ್ರಧಾನಮಂತ್ರಿಗಳಾದ ಎಚ್. ಡಿ. ದೇವೇಗೌಡರೂ ಬಾಂಗ್ಲಾದೇಶದ ಆಗಿನ ಪ್ರಧಾನಮಂತ್ರಿ ಶೇಖ್ ಹಸೀನಾ ಅವರೂ ಗಂಗಾಜಲದ ಒಡಂಬಡಿಕೆಗೆ ರುಜು ಹಾಕಿದರು. ಜನವರಿಯಿಂದ ಮೇ ತಿಂಗಳ ಕೊನೆಯವರೆಗೆ, ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚಿಕೆ. ಫರಕ್ಕಾದಲ್ಲಿ ಹರಿವು ಎಪ್ಪತ್ತು ಸಾವಿರ ಕ್ಯೂಸೆಕ್ ಅಥವಾ ಕಡಮೆಯಾದರೆ ಸಮಪಾಲು. ಎಪ್ಪತ್ತೈದು ಸಾವಿರವನ್ನು ಮುಟ್ಟಿದರೆ ಭಾರತಕ್ಕೆ ನಲವತ್ತು ಸಾವಿರ, ಉಳಿದದ್ದು ಅವರಿಗೆ. ಕಾವೇರಿಯ ಕಥೆಯನ್ನು ಬಲ್ಲ ನಮಗೆ, ನೀರಿನ ವಿಷಯದಲ್ಲಿ ಸಂಖ್ಯೆಗಳನ್ನು ಕಾಗದದ ಮೇಲೆ ತರುವುದು ಎಷ್ಟು ದುಸ್ಸಾಧ್ಯವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆ ಪತ್ರದಲ್ಲಿ ಪಾಲುಗಾರರು ಇಬ್ಬರೇ. ಎರಡು ದೇಶಗಳಿಗೂ ಸೇರಿದ ಅಡವಿಗೆ ಪ್ರತ್ಯೇಕವಾಗಿ ಇಷ್ಟು ನೀರು ಎಂದು ಅದರಲ್ಲಿ ಬರೆದಿಲ್ಲ. ಒಡಂಬಡಿಕೆಯ ಅವಧಿ ಮೂವತ್ತು ವರ್ಷ. ಆ ಲೆಕ್ಕದಂತೆ ೨೦೨೬ನೆಯ ಡಿಸೆಂಬರಿಗೆ ಅದರ ಆಯುಸ್ಸು ತೀರತಕ್ಕದ್ದು. ಹೊಸ ಪತ್ರವನ್ನು ಬರೆಯುವವರು ಮೂರನೆಯ ಪಾಲುಗಾರನನ್ನು ಹೆಸರಿಸಿ ಬರೆಯುವುದು ನ್ಯಾಯವೆಂದು ನನ್ನ ಮತ.

ಅಡವಿಯನ್ನೇ ಕುರಿತ ಪತ್ರವೂ ಇಲ್ಲದೆ ಇಲ್ಲ. ೨೦೧೧ನೆಯ ಸೆಪ್ಟೆಂಬರ್ ೬ರಂದು ಢಾಕಾದಲ್ಲಿ ಎರಡು ಸರ್ಕಾರಗಳೂ ಸುಂದರವನದ ಸಂರಕ್ಷಣೆಯ ಬಗ್ಗೆ ಒಂದು ತಿಳಿವಳಿಕೆಯ ಪತ್ರಕ್ಕೂ, ಹುಲಿಯ ಬಗ್ಗೆ ಇನ್ನೊಂದಕ್ಕೂ ಸಹಿ ಮಾಡಿದುವು. ಸಮಾಚಾರ ವಿನಿಮಯ, ಕಳ್ಳಬೇಟೆಯ ತಡೆ, ಕೂಡಿ ಸಂಶೋಧನೆ, ಕೂಡಿದ ಸಮಿತಿ ಎಂದು ಮುಂತಾಗಿ ಅಲ್ಲಿ ಒಳ್ಳೆಯ ಮಾತುಗಳೇ ತುಂಬಿವೆ. ಅದೇ ೨೦೧೧ರಲ್ಲಿ, ಮಾರ್ಚ್ ತಿಂಗಳಲ್ಲಿ, ಯೂರೋಪಿನ ಹಂಗೇರಿಯಲ್ಲಿ ಐದು ದೇಶಗಳ ಮಂತ್ರಿಗಳು ಇಂಥದೇ ಒಂದು ಪತ್ರಕ್ಕೆ ಕೈಹಾಕಿದ್ದರೆಂಬುದನ್ನು ಇಲ್ಲಿ ಹೇಳಬೇಕು. ಮೂರಾ, ದ್ರಾವಾ, ಡ್ಯಾನ್ಯೂಬ್ ಎಂಬ ಮೂರು ನದಿಗಳ ಸುಮಾರು ಏಳುನೂರು ಕಿಲೋಮೀಟರು ಉದ್ದದ ತೀರವು ಆಸ್ಟ್ರಿಯಾ, ಸ್ಲೊವೇನಿಯಾ, ಹಂಗೇರಿ, ಕ್ರೊಯೇಷಿಯಾ, ಸರ್ಬಿಯಾಗಳಿಗೆ ಸೇರಿದೆ. ಅಲ್ಲಿ ಬಹುಭಾಗವು ಹಿಂದೆ ಬಂದೂಕಿನ ಕಾವಲಿದ್ದ ಗಡಿ. ಜನರು ಸುಳಿಯದಿದ್ದುದರಿಂದಲೇ ಹೊಳೆಯಂಚಿನ ಕಾಡು ಉಳಿದುಕೊಂಡಿತು! ಆ ದೇಶಗಳು ಒಂದೊಂದಾಗಿ ತಮ್ಮ ತಮ್ಮ ಭಾಗವನ್ನು ಯುನೆಸ್ಕೋ ಪಟ್ಟಿಗೆ ಸೇರಿಸುತ್ತ ಬಂದುವು. ಕಡೆಗೆ ೨೦೨೧ನೆಯ ಸೆಪ್ಟೆಂಬರಿನಲ್ಲಿ ಐದೂ ಕೂಡಿ ಒಂದೇ ಜೀವಗೋಳ ಮೀಸಲಾಯಿತು. ಐದು ದೇಶಗಳ ಇಂಥ ಮೀಸಲು ಜಗತ್ತಿನಲ್ಲಿ ಅದೇ ಮೊದಲನೆಯದು. ಹತ್ತು ವರ್ಷ ಹಿಡಿಯಿತು, ನಿಜ. ಆದರೆ ಪತ್ರವು ಪೆಟ್ಟಿಗೆಯಲ್ಲಿ ಮಲಗಲಿಲ್ಲ.

ದೂರದ ಯೂರೋಪಿನ ಮಾತೇಕೆ? ೧೯೮೬ರಲ್ಲಿ ಭಾರತದ ಪ್ರಥಮ ಜೀವಗೋಳ ಮೀಸಲಾದ ನೀಲಗಿರಿಯು ಕರ್ನಾಟಕ, ತಮಿಳುನಾಡು, ಕೇರಳ ಎಂಬ ಮೂರು ರಾಜ್ಯಗಳಿಗೆ ಸೇರಿದ್ದು. ಬಂಡೀಪುರದ ಆನೆಯು ಮೋಯಾರ್ ಹೊಳೆಯನ್ನು ದಾಟಿದರೆ ಮುದುಮಲೆ, ಇತ್ತ ತಿರುಗಿದರೆ ವಯನಾಡು. ಒಂದೇ ರಾಷ್ಟ್ರದೊಳಗಿನ ಮೂರು ಅರಣ್ಯಶಾಖೆಗಳು ಒಂದು ಆನೆಯ ವಿಷಯದಲ್ಲಿ ಏಕಾಭಿಪ್ರಾಯಕ್ಕೆ ಬರುವುದೇ ಕಷ್ಟವಾಗಿರುವಲ್ಲಿ, ಎರಡು ಪ್ರಭುತ್ವಗಳ ನಡುವೆ ತಡವಾಗುವುದು ಆಶ್ಚರ್ಯವಲ್ಲ.

ಸಹಕಾರವೆಂಬ ಶಬ್ದವು ಯಾವಾಗಲೂ ಅಡವಿಗೆ ಹಿತವನ್ನೇ ತರುವುದೆಂದೂ ಹೇಳಲಾಗದು. ಸುಂದರವನದ ಅಂಚಿನಿಂದ ಹದಿನಾಲ್ಕು ಕಿಲೋಮೀಟರು ದೂರದ ರಾಮಪಾಲ ಎಂಬಲ್ಲಿ ಎರಡು ದೇಶಗಳ ವಿದ್ಯುತ್ ಸಂಸ್ಥೆಗಳೂ ಸಮಪಾಲಿನಲ್ಲಿ ಸೇರಿ ೧,೩೨೦ ಮೆಗಾವಾಟಿನ ಕಲ್ಲಿದ್ದಲು ಸ್ಥಾವರವನ್ನು ಕಟ್ಟಿರುವುವು. ೨೦೨೨ರಲ್ಲಿ ಅದರ ಮೊದಲ ಘಟಕವು ನಡೆಯತೊಡಗಿತು. ಕಲ್ಲಿದ್ದಲಿನ ಹಡಗುಗಳು ಅಡವಿಯ ನಡುವಣ ಪಶುರ ನದಿಯಲ್ಲೇ ಬರಬೇಕು. ಅದರ ಹೆಸರು ಏನೆಂದು ಬಲ್ಲಿರಾ? ಮೈತ್ರೀ! ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ಶಬ್ದ. ೨೦೧೪ನೆಯ ಡಿಸೆಂಬರಿನಲ್ಲಿ ಅದೇ ಅಡವಿಯ ಶೇಲಾ ಎಂಬ ಹೊಳೆಯಲ್ಲಿ ಎಣ್ಣೆಯ ಹಡಗೊಂದು ಮುಳುಗಿ ಮೂರೂವರೆ ಲಕ್ಷ ಲೀಟರಿನಷ್ಟು ಎಣ್ಣೆಯು ಹರಿದಾಗ, ಊರ ಹೆಂಗಸರೂ ಮಕ್ಕಳೂ ಪಾತ್ರೆ, ಸ್ಪಂಜುಗಳನ್ನು ಹಿಡಿದು ಕಪ್ಪು ನೀರಿಗಿಳಿದು ಅದನ್ನು ಬಳಿದರು. ಆ ದೃಶ್ಯವನ್ನು ಪತ್ರಿಕೆಗಳಲ್ಲಿ ಕಂಡವರಿಗೆ ಹಡಗುಗಳ ಸಂಖ್ಯೆ ಹೆಚ್ಚುವುದೆಂದರೆ ಸಂತೋಷವಾಗಲಾರದು.

ಇನ್ನು ಮೀನು. ಮನೆಯೊಲೆಗೆ ಹತ್ತಿರವಾದ ವಿಷಯವಾದುದರಿಂದ ಇದನ್ನು ಕಡೆಗಿರಿಸಿಕೊಂಡೆನು. ಬಂಗಾಳಿಗಳ ಪ್ರಾಣಪ್ರಿಯವಾದ ಇಲಿಶ್ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಸಿಹಿನೀರಿಗೆ ಏರತಕ್ಕದ್ದು. ಫರಕ್ಕಾ ಕಟ್ಟುವುದಕ್ಕೆ ಮೊದಲು ಅದು ಪ್ರಯಾಗದವರೆಗೂ ಹೋಗುತ್ತಿತ್ತು. ಮೀನು ಮರಿ ಮಾಡುವ ಕಾಲದಲ್ಲಿ ಬಲೆ ಬೀಸಕೂಡದೆಂದು ಎರಡು ದೇಶಗಳಲ್ಲಿಯೂ ಕಟ್ಟಳೆಯುಂಟು. ಆದರೆ ತಿಥಿಗಳು ಬೇರೆ. ನಮ್ಮ ಪೂರ್ವ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ ೬೧ ದಿನ. ಬಾಂಗ್ಲಾದೇಶದಲ್ಲಿ ಮೇ ೨೦ರಿಂದ ಜುಲೈ ೨೩ರವರೆಗೆ ೬೫ ದಿನ; ೨೦೧೯ರಿಂದ ಸಣ್ಣ ದೋಣಿಗಳಿಗೂ ಅದು ಅನ್ವಯವಾಯಿತು. ಗೃಹಿಣಿಯರು ಪಂಚಾಂಗವನ್ನಿಟ್ಟುಕೊಂಡು ಎಣಿಸಿ ನೋಡಲಿ: ಎರಡು ಕಡೆಗಳಲ್ಲಿಯೂ ಬಲೆಗೆ ಬಿಡುವಿದ್ದ ದಿನಗಳು ಕೇವಲ ೨೬! ಮೊದಲ ೩೫ ದಿನ ನಮ್ಮವರು ದಂಡೆಯಲ್ಲಿ ಕುಳಿತಿದ್ದರೆ ಅವರು ಹಿಡಿಯಬಹುದಾಗಿತ್ತು. ಕಡೆಯ ೩೯ ದಿನ ಅವರು ಹಸಿದು ಕುಳಿತಿರಲು ನಮ್ಮ ದೋಣಿಗಳು ಸಮುದ್ರದಲ್ಲಿರುತ್ತಿದ್ದುವು. ಮೀನಿಗೆ ಇದರಿಂದ ಆದ ಉಪಕಾರವೇನು? ನಾವು ಉಪವಾಸವಿದ್ದು ಸಾಕಿದ ಮೀನನ್ನು ನೆರೆಯವರು ಬಂದು ಹಿಡಿದರೆಂದು ಬಾಂಗ್ಲಾದೇಶದ ಬೆಸ್ತರು ವರ್ಷ ವರ್ಷವೂ ಗೋಳಿಟ್ಟರು.

ಬೆಸ್ತನ ಗೋಳು ಅಷ್ಟಕ್ಕೇ ಮುಗಿಯುವುದಿಲ್ಲ. ಸಮುದ್ರದಲ್ಲಿ ಕಲ್ಲು ನೆಟ್ಟಿರುವುದಿಲ್ಲ. ಗಾಳಿಯಿಂದಲೋ ಮೀನಿನ ಆಸೆಯಿಂದಲೋ ಗಡಿ ದಾಟಿದವನು ಪರದೇಶದ ಸೆರೆಮನೆಯನ್ನು ಸೇರುವನು. ಮನೆಯಲ್ಲಿ ಹೆಂಡತಿಗೆ ಅವನು ಬದುಕಿರುವನೋ ಹುಲಿಯ ಬಾಯಿಗೆ ಬಿದ್ದನೋ ತಿಳಿಯದು. ೨೦೨೫ನೆಯ ಜನವರಿ ೫ರಂದು ಎರಡು ದೇಶಗಳ ತೀರರಕ್ಷಕ ನೌಕೆಗಳು ಸಮುದ್ರದ ಗಡಿಯಲ್ಲಿ ಸಂಧಿಸಿ, ೯೫ ಮಂದಿ ಭಾರತೀಯ ಬೆಸ್ತರನ್ನೂ ೯೦ ಮಂದಿ ಬಾಂಗ್ಲಾದೇಶದ ಬೆಸ್ತರನ್ನೂ ದೋಣಿಗಳ ಸಮೇತ ಅದಲುಬದಲು ಮಾಡಿಕೊಂಡುವು. ಅದರ ಹಿಂದಿನ ಆಗಸ್ಟಿನಲ್ಲಿ ಢಾಕಾದ ಸರ್ಕಾರವು ಉರುಳಿ ಎರಡು ರಾಜಧಾನಿಗಳ ನಡುವೆ ಮಾತು ಬಿಗಿಯಾಗಿದ್ದ ಕಾಲವದು ಎಂಬುದನ್ನು ನೆನೆದರೆ, ಈ ಕಾರ್ಯದ ಬೆಲೆಯು ತಿಳಿಯುವುದು.

ಅದೇ ೨೦೨೫ರ ಬೇಸಗೆಗೆ ಮೊದಲು, ತನ್ನ ಬೆಸ್ತರ ಮೊರೆಯನ್ನೂ ತಜ್ಞರ ಮಾತನ್ನೂ ಕೇಳಿ, ಬಾಂಗ್ಲಾದೇಶ ಸರ್ಕಾರವು ತನ್ನ ನಿಷೇಧದ ದಿನಗಳನ್ನು ಬದಲಾಯಿಸಿತು. ಏಪ್ರಿಲ್ ೧೫ರಿಂದ ಜೂನ್ ೧೧ರವರೆಗೆ ೫೮ ದಿನ. ಇಪ್ಪತ್ತಾರು ದಿನಗಳ ಜಾಗದಲ್ಲಿ ಆ ಐವತ್ತೆಂಟು ದಿನಗಳೂ ಎರಡು ದೇಶಗಳ ಬಲೆಗಳಿಗೆ ಒಟ್ಟಿಗೆ ಬಿಡುವು. ದೊಡ್ಡ ಸಭೆ ಸೇರಲಿಲ್ಲ, ಹಾರ ತುರಾಯಿಗಳಿಲ್ಲ. ಒಂದು ಸರ್ಕಾರದ ಗ್ಯಾಜೆಟ್ಟಿನಲ್ಲಿ ಎರಡು ತಾರೀಖುಗಳು ತಿದ್ದಲ್ಪಟ್ಟುವು, ಅಷ್ಟೆ. ಜೂನ್ ೧೨ಕ್ಕೆ ಬಾಂಗ್ಲಾದೇಶದ ದೋಣಿಗಳು ಹೊರಡುವುವು, ನಮ್ಮವು ೧೫ಕ್ಕೆ. ಇನ್ನುಳಿದಿರುವುದು ಮೂರು ದಿನಗಳ ಅಂತರ.